ವಸಡಿನ ರಕ್ತಕ್ಕೆ ನಾನು ಮಾಡಿದ ನಿಯಮ

ನನ್ನ ತಂಗಿಗೆ ಕೆಳಸಾಲಿನ ಮುಂದಿನ ನಾಲ್ಕು ಹಲ್ಲು ಈಗ ಇಲ್ಲ. ವಯಸ್ಸು ಇನ್ನೂ ನಲವತ್ತಾರು. ಕೇಳಿದವರಿಗೆ ಅವಳು ವಸಡಿನ ಕಾಯಿಲೆ ಬಂದಿತ್ತು ಎಂದಷ್ಟೇ ಹೇಳುತ್ತಾಳೆ. ಅದು ನಿಜವೇ. ಆದರೆ ಆ ಕಾಯಿಲೆ ಅಷ್ಟು ಮುಂದುವರಿಯುವವರೆಗೂ ಅವಳನ್ನು ಬ್ರಷ್ಷಿನಿಂದ ದೂರ ಇಟ್ಟವಳು ನಾನು, ಅವಳ ಸ್ವಂತ ಅಕ್ಕ. ಗೊತ್ತಿಲ್ಲದೆ ಹೇಳಿದ್ದು ಒಂದು ಮಾತು. ಗೊತ್ತಾದ ಮೇಲೂ ಸುಮ್ಮನಿದ್ದದ್ದು ಹತ್ತು ತಿಂಗಳು. ಮೊದಲನೆಯದನ್ನು ಶಿವ ಕ್ಷಮಿಸಿಯಾನು. ಎರಡನೆಯದರ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ.

ನಾವು ಲಿಂಗ ಕಟ್ಟಿಕೊಂಡ ಮನೆತನದವರು. ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಸ್ನಾನ ಮಾಡಿ, ಕೊರಳಲ್ಲಿರುವ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ವಿಭೂತಿ ಹಚ್ಚಿ, ಒಂದು ಪತ್ರೆಯೋ ಹೂವೋ ಏರಿಸಿ ಮಂತ್ರ ಹೇಳಿಕೊಂಡ ಮೇಲೆಯೇ ಬಾಯಿಗೆ ಒಂದು ತೊಟ್ಟು ಕಾಫಿ. ಸಂಜೆಯೂ ಪೂಜೆ ಆಗದೆ ಊಟವಿಲ್ಲ. ನಮ್ಮವ್ವ ತೀರಿಕೊಂಡಾಗ ನನಗೆ ಇಪ್ಪತ್ತು, ತಂಗಿಗೆ ಹನ್ನೆರಡು. ಅಂಗೈಯನ್ನು ಬಟ್ಟಲಿನಂತೆ ಬಾಗಿಸುವುದು, ಎರೆದ ನೀರು ಚೆಲ್ಲದಂತೆ ಹಿಡಿಯುವುದು, ಎಲ್ಲವನ್ನೂ ಅವಳಿಗೆ ಕಲಿಸಿದವಳು ನಾನು. ಹಾಗಾಗಿ ಪೂಜೆಯ ವಿಷಯದಲ್ಲಿ ಅವಳಿಗೆ ಏನೇ ಅನುಮಾನ ಬಂದರೂ ನನ್ನ ಮಾತೇ ಕೊನೆ. ಅವಳು ಬೇಗೂರಿಗೆ ಮದುವೆಯಾಗಿ ಹೋದಳು. ನಮ್ಮ ಯಜಮಾನರಿಗೆ ಅರಿಶಿನ ಮಂಡಿಯಲ್ಲಿ ಕೆಲಸ ಸಿಕ್ಕಿದ್ದರಿಂದ ನಾನು ಚಾಮರಾಜನಗರಕ್ಕೆ ಬಂದೆ. ಫೋನು ಬಂದ ಮೇಲೆ ಅವಳ ಪ್ರಶ್ನೆಗಳು ಇನ್ನೂ ಹೆಚ್ಚಿದವು. ಕಣಗಿಲೆ ಏರಿಸಬಹುದಾ, ಪ್ರಯಾಣದಲ್ಲಿದ್ದಾಗ ಬಸ್ಸಿನಲ್ಲೇ ಪೂಜೆ ಮಾಡಬಹುದಾ, ಹೀಗೆ. ನಾನು ಗಂಭೀರವಾಗಿ ಉತ್ತರ ಕೊಡುತ್ತಿದ್ದೆ. ಕೆಲವು ನನಗೂ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಅಭ್ಯಾಸ ಮಾತ್ರ ನನಗೆ ಇರಲಿಲ್ಲ.

ಹಲ್ಲಿನ ತೊಂದರೆ ಮೊದಲು ಬಂದದ್ದು ನನಗೆ. ಆರೇಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜಿ ಉಗಿದಾಗ ನೊರೆ ಕೆಂಪಾಗಿತ್ತು. ಮಾರನೆಯ ದಿನವೂ ಹಾಗೆಯೇ. ನೋವೇನೂ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಪೂಜೆಯ ಬಗ್ಗೆ. ರಕ್ತ ಬಂದ ಬಾಯಲ್ಲಿ ಮಂತ್ರ ಹೇಗೆ ಹೇಳುವುದು? ಲಿಂಗಕ್ಕೆ ಎರೆದ ನೀರನ್ನು ತೀರ್ಥ ಅಂತ ಆ ಬಾಯಿಗೆ ಹೇಗೆ ಹಾಕಿಕೊಳ್ಳುವುದು? ಹತ್ತು ಸಲ ಮುಕ್ಕಳಿಸಿ ಕೂತೆ. ಆದರೂ ನಾಲಗೆಯ ತುದಿಗೆ ಉಪ್ಪುಪ್ಪು ರುಚಿ ಬರುತ್ತಲೇ ಇತ್ತು. ಅರ್ಧಕ್ಕೇ ಎದ್ದುಬಿಟ್ಟೆ.

ಯಾರನ್ನಾದರೂ ಕೇಳಬಹುದಿತ್ತು. ಕೇಳಲು ಮನಸ್ಸಾಗಲಿಲ್ಲ, ಹೇಳುವ ಜಾಗದಲ್ಲಿ ಕೂತು ಅಭ್ಯಾಸವಾಗಿತ್ತು. ಬ್ರಷ್ ತಗಲಿದರೆ ತಾನೇ ರಕ್ತ, ತಗಲದಿದ್ದರೆ ಇಲ್ಲವಲ್ಲ ಅಂತ ನಾನೇ ಒಂದು ದಾರಿ ಮಾಡಿಕೊಂಡೆ. ಬ್ರಷ್ಷನ್ನು ಬಚ್ಚಲ ಕಿಟಕಿಯ ಮೇಲಿಟ್ಟೆ. ತೋರುಬೆರಳಿಗೆ ಹಲ್ಲುಪುಡಿ ಹಚ್ಚಿಕೊಂಡು, ವಸಡಿಗೆ ಸೋಕದ ಹಾಗೆ ಹಲ್ಲಿನ ಮುಖವನ್ನಷ್ಟೇ ಸವರಿ ಬಾಯಿ ತೊಳೆಯತೊಡಗಿದೆ. ಉಗಿದದ್ದು ಬೆಳ್ಳಗಿತ್ತು. ಪೂಜೆ ಸಲೀಸಾಗಿ ನಡೆಯಿತು. ಶಿವನೇ ದಾರಿ ತೋರಿಸಿದ ಅಂತ ಅಂದುಕೊಂಡೆ. ನನ್ನ ಬುದ್ಧಿಗೆ ಅವನ ಹೆಸರಿಟ್ಟೆ.

ವರ್ಷ ಕಳೆದಿರಬೇಕು, ತಂಗಿಯ ಫೋನ್ ಬಂತು.

‘ಅಕ್ಕ, ಹಲ್ಲುಜ್ಜುದ್ರೆ ರಕ್ತ ಬತ್ತದ ಕಣಕ್ಕ. ಪೂಜೆಗೆ ಯಾನ ಮಾಡನ?’

‘ಬೆರಳಲ್ಲಿ ಮೆತ್ತಗೆ ಉಜ್ಜು ಕಣಮ್ಮಿ. ರಕ್ತ ಬಂದ ಬಾಯಲ್ಲಿ ಲಿಂಗ ಮುಟ್ಟಂಗಿಲ್ಲ.’

‘ಅಂಗಂತ ಎಲ್ಲಾರ ಅದಾ?’

‘ನಾನೇಳ್ತಾ ಇಲ್ವಾ?’

‘ಸರಿ ಬುಡು.’

ಇಷ್ಟೇ ಮಾತು. ಒಲೆಯ ಮೇಲಿದ್ದ ಹಾಲು ಉಕ್ಕುವಷ್ಟು ಹೊತ್ತೂ ಆಗಿರಲಿಲ್ಲ. ನಾನು ಅದನ್ನು ಮರೆತೇಬಿಟ್ಟೆ. ಅವಳು ಮರೆಯದೆ ಐದು ವರ್ಷ ಪಾಲಿಸಿದಳು.

ನನ್ನ ಬಾಯಿ ನಾರುತ್ತಿದ್ದದ್ದು ನನಗೆ ತಿಳಿಯಲಿಲ್ಲ. ಯಜಮಾನರು ನನ್ನ ಜೊತೆ ಮಾತಾಡುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ನನ್ನ ಮೇಲೆ ಏನೋ ಬೇಜಾರಿರಬೇಕು ಅಂತ ನಾನೂ ಮುಖ ಊದಿಸಿಕೊಂಡಿದ್ದೆ. ಒಂದು ಸಂಜೆ ಚಕ್ಕುಲಿ ಕಡಿದಾಗ ಮೇಲಿನ ಹಲ್ಲೊಂದು ಅಲುಗಿತು. ಅಂದು ಅವರು ಬಾಯಿಬಿಟ್ಟು ಹೇಳಿದರು: ‘ಡಾಕ್ಟ್ರಿಗೆ ತೋರ್ಸು ಕಣೆ. ಮಳೇಲಿ ನೆಂದ ಅರಿಶಿನದ ಮೂಟೆ ಬಿಚ್ದಂಗೆ ಆಯ್ತದೆ ನೀನ್ ಬಾಯ್ ಬುಟ್ರೆ.’ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದಾಗ, ‘ಬೆಳಿಗ್ಗೆ ಕಾಫಿ ಸಿಗಬೇಕಲ್ಲ’ ಅಂದರು.

ಮೊದಲು ತೋರಿಸಿದ ಹಲ್ಲಿನ ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿ, ‘ಈ ವಯಸ್ಸಲ್ಲಿ ಹಲ್ಲುಜ್ಜೋದನ್ನೂ ಹೇಳಿಕೊಡಬೇಕೇನ್ರಿ?’ ಎಂದರು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರು ಬಾಯಿ ತೆರೆದುಕೊಂಡು ಮಲಗಿದ್ದರು. ಅವರಿಗೂ ಕೇಳಿಸಿತು. ಎರಡು ಹೊತ್ತು ಬ್ರಷ್ ಮಾಡಬೇಕು ಎಂದು ಹಲ್ಲಿನ ಚಿತ್ರವಿರುವ ಒಂದು ಕಾಗದ ಕೊಟ್ಟರು. ನಾನು ಎಲ್ಲಕ್ಕೂ ಹೂಂ ಅಂದೆ. ಕಾಗದವನ್ನು ತಂದು ಸಾಂಬಾರ ಡಬ್ಬಿಗಳ ಅಡಿಗೆ ಹಾಸಿದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬೆರಳಿನ ಕೆಲಸ ಮುಂದುವರಿಯಿತು.

ಹೋದ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬ ಹೆಣ್ಣುಮಗಳು ಹಲ್ಲಿನ ದವಾಖಾನೆ ತೆರೆದರು. ಕೇರಳದ ಬತ್ತೇರಿ ಕಡೆಯವರು. ಗುಂಡ್ಲುಪೇಟೆಯಲ್ಲಿ ಎರಡು ವರ್ಷ ಕೆಲಸ ಮಾಡಿ ಕನ್ನಡ ಕಲಿತಿದ್ದರು. ಮಾತಿನ ಕೊನೆಯಲ್ಲಿ ಮಲಯಾಳದ ಎಳೆತ ಒಂದಿಷ್ಟು ಉಳಿದಿತ್ತು. ಹೆಂಗಸು ಅನ್ನುವ ಒಂದೇ ಕಾರಣಕ್ಕೆ ನಾನು ಹೋದೆ. ಅದೂ ಶಿವನ ಒಂದು ದಯೆ ಅಂತಲೇ ಇವತ್ತಿಗೂ ಲೆಕ್ಕ ಹಾಕುತ್ತೇನೆ.

ಆಕೆ ನನ್ನ ಬಾಯಿ ನೋಡುವುದಕ್ಕೆ ಮೊದಲು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ‘ಅಮ್ಮಾ, ಬೆಳಿಗ್ಗೆ ಎದ್ದ ಮೇಲೆ ನೀವು ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ. ಬಯ್ಯೋದಕ್ಕಲ್ಲ, ನನಗೆ ಗೊತ್ತಾಗಬೇಕು ಅಷ್ಟೇ’ ಅಂದರು. ನಾನು ಬಾಗಿಲಿಗೆ ನೀರು ಹಾಕುವುದರಿಂದ ಹಿಡಿದು ಪೂಜೆಯವರೆಗೆ ಹೇಳಿದೆ. ಹಲ್ಲುಜ್ಜುವುದನ್ನು ಒಂದೇ ಮಾತಲ್ಲಿ ದಾಟಿಸಿದೆ. ಆಕೆ ಅಲ್ಲಿಗೇ ಹಿಂತಿರುಗಿದರು.

‘ಉಜ್ಜುವಾಗ ರಕ್ತ ಬಂದರೆ ಏನು ಮಾಡ್ತೀರಿ?’

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ರಕ್ತ ಬರುತ್ತದಾ ಅಂತ ಕೇಳಿದ್ದರು. ಬಂದರೆ ನೀನೇನು ಮಾಡುತ್ತೀ ಅಂತ ಕೇಳಿರಲಿಲ್ಲ. ನಾನು ಬೆರಳಿನ ಕಥೆಯನ್ನು ಪೂರ್ತಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗದೆ ತಲೆಯಾಡಿಸಿದರು. ಒಂದು ಕೆಂಪು ಮದ್ದನ್ನು ಹಲ್ಲಿಗೆ ಸವರಿ, ನೀರಲ್ಲಿ ಮುಕ್ಕಳಿಸಲು ಹೇಳಿ, ನನ್ನ ಕೈಗೆ ಕನ್ನಡಿ ಕೊಟ್ಟರು. ಹಲ್ಲಿನ ಮುಖವೆಲ್ಲ ಬೆಳ್ಳಗಿತ್ತು. ವಸಡಿನ ಅಂಚಿನಲ್ಲಿ, ಹಲ್ಲು ಹಲ್ಲಿನ ಸಂದಿಯಲ್ಲಿ, ಎಲ್ಲೆಲ್ಲಿ ನನ್ನ ಬೆರಳು ಹೋಗುತ್ತಿರಲಿಲ್ಲವೋ ಅಲ್ಲೆಲ್ಲ ಗಾಢ ಕೆಂಪು. ಕೊಳೆಗೆ ಮಾತ್ರ ಬಣ್ಣ ಹಿಡಿಯುತ್ತದಂತೆ. ‘ನೀವು ರಕ್ತಕ್ಕೆ ಹೆದರಿ ಬಿಟ್ಟ ಜಾಗ ಇದು. ಕೊಳೆ ಇರೋದರಿಂದಲೇ ರಕ್ತ. ನೀವು ಬಿಟ್ಟಷ್ಟೂ ಹೆಚ್ಚಾಗ್ತದೆ. ಒಳಗೆ ಹಲ್ಲು ಹಿಡಿದಿರೋ ಮೂಳೆ ಕರಗ್ತದೆ’ ಎಂದರು. ಎಲ್ಲವನ್ನೂ ಅಡಿಗೆಗೆ ಉಪ್ಪೆಷ್ಟು ಅಂತ ಹೇಳುವ ಧ್ವನಿಯಲ್ಲಿ.

ಆಮೇಲೆ ಕೇಳಿದರು: ‘ಉಜ್ಜಬೇಕು ಅನ್ನೋದು ಮುಖ್ಯ ಅಂತ ಅನ್ನಿಸ್ತದಾ? ಹತ್ತಕ್ಕೆ ಎಷ್ಟು?’

‘ಎಂಟು.’

‘ನನ್ನ ಕೈಲಿ ಆಗ್ತದೆ ಅನ್ನೋ ಧೈರ್ಯ ಎಷ್ಟು?’

‘ಮೂರು.’

‘ಮೂರು ಯಾಕೆ? ಒಂದು ಅಂತ ಯಾಕೆ ಹೇಳಲಿಲ್ಲ?’

ಎಂಟಾಗಲಿಲ್ಲವೇಕೆ ಎಂದು ಕೇಳಿದ್ದರೆ ನಾನು ನೆಪಗಳನ್ನು ಹೇಳುತ್ತಿದ್ದೆ. ಒಂದಕ್ಕಿಂತ ಹೆಚ್ಚು ಯಾಕೆ ಅಂದದ್ದಕ್ಕೆ, ದಿನಾ ತಪ್ಪದೆ ಪೂಜೆ ಮಾಡುವವಳು ನಾನು, ಹಿಡಿದ ಕೆಲಸ ಬಿಡುವವಳಲ್ಲ, ಅನ್ನುವ ಮಾತು ನನ್ನ ಬಾಯಿಂದಲೇ ಬಂತು. ಆಕೆ ಅದನ್ನೇ ಹಿಡಿದುಕೊಂಡರು. ನಿಮ್ಮ ದಿನದಲ್ಲಿ ಎಂದೂ ತಪ್ಪದ ಕೆಲಸ ಯಾವುದೋ ಅದರ ಬೆನ್ನಿಗೆ ಇದನ್ನು ಕಟ್ಟೋಣ ಅಂದರು. ಬೆಳಿಗ್ಗೆಯದೂ ಪೂಜೆಯ ಮಾತೂ ಆಮೇಲೆ; ಮೊದಲು ರಾತ್ರಿಯ ಊಟ ಮುಗಿದ ಮೇಲಿನದನ್ನು ನೋಡೋಣ ಎಂದು, ನನ್ನ ಕೈಯಲ್ಲೇ ಒಂದು ಚೀಟಿ ಬರೆಸಿದರು. ‘ಒಲೆ ಒರೆಸಿ ಬಟ್ಟೆ ಹಿಂಡಿ ಹಾಕಿದ ಕೂಡಲೇ ಕೆಳಗಿನ ಸಾಲು ಉಜ್ಜುತ್ತೇನೆ.’ ಒಂದು ವಾರ ಕೆಳಗಿನ ಸಾಲು ಮಾತ್ರ. ಅಷ್ಟು ಸಾಕಾ ಅಂದೆ. ‘ಅಷ್ಟು ಮಾಡಿ ಬನ್ನಿ, ಜಾಸ್ತಿ ಮಾಡಬೇಡಿ’ ಅಂದರು. ಹೆಚ್ಚು ಮಾಡಬೇಡ ಅಂದರೆ ಮಾಡಬೇಕೆನಿಸುತ್ತದೆ ಅಂತ ಆಕೆಗೆ ಗೊತ್ತಿತ್ತು ಅಂತ ಕಾಣುತ್ತದೆ. ಹಲ್ಲಿನ ಜೊತೆಗೆ ಮನಶ್ಶಾಸ್ತ್ರವನ್ನೂ ಓದಿಕೊಂಡಿದ್ದರಂತೆ. ಆಮೇಲೆ ತಿಳಿಯಿತು.

ಹೊರಡುವಾಗ ಪೂಜೆಯ ನಿಯಮದ ಬಗ್ಗೆ ಆಕೆ ಇಷ್ಟೇ ಹೇಳಿದರು: ‘ನಿಮ್ಮ ಧರ್ಮದ ವಿಷಯ ನನಗೆ ಗೊತ್ತಿಲ್ಲ ಅಮ್ಮಾ. ಗೊತ್ತಿರೋರು ಯಾರನ್ನಾದರೂ ಒಂದು ಮಾತು ಕೇಳ್ತೀರಾ?’

ಆ ಸೋಮವಾರ ಮಠಕ್ಕೆ ಹೋದೆ. ಅಲ್ಲಿಯ ವಯಸ್ಸಾದ ಅಯ್ಯನವರು ಜಗಲಿಯ ಮೇಲೆ ಕೂತು ಪತ್ರೆ ಆರಿಸುತ್ತಿದ್ದರು. ವಸಡಿನಲ್ಲಿ ರಕ್ತ ಬಂದರೆ ಪೂಜೆ ಮಾಡಬಹುದೇ ಎಂದು ಕೇಳಿದೆ. ಅವರು ತಲೆ ಎತ್ತಿ ನೋಡಿದರು.

‘ಲಿಂಗ ಕಟ್ಟಿದ ಮೈಗೆ ಎಂಥ ಸೂತಕ ತಾಯಿ? ಮುಟ್ಟಾದಾಗಲೂ ಪೂಜೆ ಬಿಡಬೇಡಿ ಅನ್ನೋ ಧರ್ಮ ನಮ್ದು. ಬಾಯಿ ಮುಕ್ಕಳಿಸಿ ಕೂತ್ಕೊ. ಈ ನಿಯಮ ಯಾರ್ ಹೇಳುದ್ರು ನಿನ್ಗೆ?’

‘ಯಾರೋ ಅಂದ್ರು ಸ್ವಾಮಿ’ ಅಂದುಬಿಟ್ಟೆ.

ದಾರಿಯುದ್ದಕ್ಕೂ ನನಗೆ ನಾಚಿಕೆ. ಮುಟ್ಟಿನ ದಿನಗಳಲ್ಲಿ ನಾನೇ ಪೂಜೆ ಮಾಡಿಕೊಂಡು ಬಂದವಳು. ನಮ್ಮವ್ವನೂ ಮಾಡುತ್ತಿದ್ದಳು, ತಂಗಿಗೂ ಹಾಗೇ ಕಲಿಸಿದ್ದೆ. ಆ ರಕ್ತಕ್ಕೆ ಇಲ್ಲದ ಮೈಲಿಗೆಯನ್ನು ಬಾಯಿಯ ರಕ್ತಕ್ಕೆ ಎಲ್ಲಿಂದ ತಂದೆ? ಎಲ್ಲಿಂದಲೂ ಅಲ್ಲ. ಒಂದು ಬೆಳಿಗ್ಗೆ ಹೆದರಿದೆ. ಹೆದರಿಕೆಗೆ ನಿಯಮ ಅಂತ ಹೆಸರು ಕೊಟ್ಟೆ. ಆಗ ತಂಗಿಯ ನೆನಪು ಬಂತು.

ಅಂದೇ ಫೋನ್ ಮಾಡಿದೆ. ಮಾಡಿದೆ ಅನ್ನುವುದು ಸಮಾಧಾನವಲ್ಲ. ಏನು ಹೇಳಿದೆ ಅನ್ನುವುದೇ ಇಲ್ಲಿ ಮುಖ್ಯ.

‘ಅಮ್ಮಿ, ನಿನ್ ವಸಡು ಎಂಗದೆ?’

‘ಅಂಗೇ ಅದ ಕಣಕ್ಕ. ಒಸಿ ಊದದ. ಬೆರಳಲ್ಲೂ ರಕ್ತ ಬತ್ತದ ಒಂದೊಂದ್ ದಿನ.’

‘ಬ್ರಷ್ಷಲ್ಲಿ ಉಜ್ಬೇಕಂತೆ ಕಣಮ್ಮಿ, ಎರಡೊತ್ತು. ಇಲ್ಲೊಬ್ರು ಡಾಕ್ಟ್ರಮ್ಮ ಅಂದ್ರು.’

‘ಪೂಜೆ?’

ಅಲ್ಲಿ ಒಂದು ಮಾತು ಸಾಕಿತ್ತು. ಅದು ತಪ್ಪು ಕಣೆ, ನಾನು ಸುಳ್ಳೇ ಹೇಳಿದ್ದೆ. ನಾಲಗೆಯವರೆಗೆ ಬಂತು. ಆದರೆ ಇಷ್ಟು ವರ್ಷ ಅವಳಿಗೆ ಕಲಿಸಿದ ಬೇರೆ ಎಲ್ಲದರ ಮೇಲೂ ಅನುಮಾನ ಬಂದರೆ? ನನ್ನ ಮಾತು ಅಂದರೆ ಅವ್ವನ ಮಾತು ಅಂತ ನಂಬಿಕೊಂಡವಳು ಅವಳು. ನಾನು ಒಂದು ಅಡ್ಡದಾರಿ ಹುಡುಕಿದೆ.

‘ಪೂಜೆ ಆದ್ಮೇಲೆ ಉಜ್ಜು’ ಅಂದೆ.

ನಿಯಮ ಮುರಿಯಲಿಲ್ಲ, ಹಲ್ಲೂ ಉಜ್ಜಿದ ಹಾಗಾಯಿತು ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಬೇಗೂರಿನ ಆ ಮನೆಯ ಬೆಳಿಗ್ಗೆ ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು. ಐದೂವರೆಗೆ ಪೂಜೆ, ಅದು ಮುಗಿಯುವಷ್ಟರಲ್ಲಿ ಹಸುಗಳು ಕೂಗುತ್ತವೆ, ಹಾಲು ಕರೆದು ಡೈರಿಗೆ ಹಾಕಬೇಕು, ಗಂಡ ತೋಟಕ್ಕೆ, ಮಗಳು ಗುಂಡ್ಲುಪೇಟೆಯ ಕಾಲೇಜಿಗೆ. ಪೂಜೆ ಆದ ಮೇಲೆ ಅನ್ನುವ ಹೊತ್ತೇ ಆ ಮನೆಯಲ್ಲಿ ಇಲ್ಲ. ಸಂಜೆಯೂ ಪೂಜೆಯ ಬೆನ್ನಿಗೆ ಮುದ್ದೆ ಕೂಡಿಸಬೇಕು. ಊಟವಾದ ಮೇಲೆ ಉಜ್ಜಲು ಹೋದರೆ, ಲಿಂಗ ಮೈಮೇಲಿರುವಾಗ ರಕ್ತ ಉಗಿಯುವುದು ಹೇಗೆ ಅಂತ ಅವಳಿಗೆ ಅಳುಕು. ಆ ಅಳುಕೂ ನಾನೇ ಹುಟ್ಟಿಸಿದ್ದು.

ಇತ್ತ ನನ್ನ ಬಾಯಿ ಸುಧಾರಿಸುತ್ತಾ ಹೋಯಿತು. ಒಂದು ವಾರ ಕೆಳಗಿನ ಸಾಲು, ಆಮೇಲೆ ಎರಡೂ ಸಾಲು, ಆಮೇಲೆ ಸಂದಿಗೆ ಹಾಕುವ ಸಣ್ಣ ಬ್ರಷ್. ಡಾಕ್ಟರಮ್ಮ ಎರಡು ಸಲ ಕೂರಿಸಿಕೊಂಡು ವಸಡಿನ ಒಳಗಿನ ಗಟ್ಟಿ ಪಾಚಿಯನ್ನೆಲ್ಲ ಕೆರೆದು ತೆಗೆದರು. ಹೋದಾಗಲೆಲ್ಲ ರಕ್ತ ಬರುವ ಜಾಗಗಳನ್ನು ನನ್ನ ಎದುರಿಗೇ ಎಣಿಸುತ್ತಿದ್ದರು. ಕಡಿಮೆಯಾದದ್ದನ್ನು ಅವರು ಹೇಳುತ್ತಿರಲಿಲ್ಲ, ನನ್ನ ಬಾಯಲ್ಲೇ ಹೇಳಿಸುತ್ತಿದ್ದರು. ಎರಡು ದಿನ ತಪ್ಪಿಸಿದೆ ಅಂದರೆ, ‘ಆ ಎರಡು ದಿನ ಏನಾಗಿತ್ತು?’ ಅಂತ ಕೇಳುತ್ತಿದ್ದರು, ಅಷ್ಟೇ. ಶ್ರಾವಣದ ಹೊತ್ತಿಗೆ ಉಗಿದದ್ದು ಬೆಳ್ಳಗಾಯಿತು, ಈ ಸಲ ನಿಜವಾಗಿ. ಯಜಮಾನರು ಎದುರು ಕೂತು ಮಾತಾಡತೊಡಗಿದರು. ಅಲುಗುತ್ತಿದ್ದ ಹಲ್ಲು ನಿಂತಿತು. ಇಷ್ಟೆಲ್ಲ ದಯೆ ನನಗೊಬ್ಬಳಿಗೇ ಬಂತು. ಪಕ್ಕದವರಿಗೆ ಹಂಚುವಷ್ಟು ಬಂದರೂ ನಾನು ಹಂಚಲಿಲ್ಲ.

ಇನ್ನೂ ಕೆಟ್ಟದ್ದನ್ನು ಮಾಡಿದೆ. ಕಾರ್ತಿಕದಲ್ಲಿ ದೀಪ ಹಚ್ಚುವುದಕ್ಕೆ ಬೇಗೂರಿಗೆ ಹೋಗಿದ್ದೆ. ಗುಂಡ್ಲುಪೇಟೆಯಲ್ಲಿ ಬಸ್ ಬದಲಾಯಿಸಿ ಇಳಿಯುವಷ್ಟರಲ್ಲಿ ಸಂಜೆಯಾಗಿತ್ತು. ತಂಗಿ ಬಾಗಿಲಲ್ಲೇ ನಿಂತಿದ್ದಳು. ನಕ್ಕಾಗ ಕೆಳಗಿನ ಹಲ್ಲುಗಳ ಬುಡ ಉದ್ದುದ್ದ ಕಾಣಿಸಿತು, ವಸಡು ಕೆಳಗಿಳಿದಿತ್ತು. ದೇವಸ್ಥಾನದಿಂದ ಬಂದು ಪಡಸಾಲೆಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಕೂತು ಬತ್ತಿ ಹೊಸೆಯುತ್ತಿದ್ದೆವು. ನನಗೆ ಒಳಗೊಳಗೇ ಕಸಿವಿಸಿ. ಅದು ಹೊರಗೆ ಬಂದದ್ದು ಬೈಗುಳವಾಗಿ.

‘ಏನಮ್ಮಿ, ಬಾಯಾ ಅದು? ಹೇಳುದ್ನಲ್ಲ ಎರಡೊತ್ತು ಉಜ್ಜು ಅಂತ.’

‘ಪೂಜೆ ಆದ್ಮೇಲೆ ಒತ್ತೇ ಆಗಲ್ಲ ಕಣಕ್ಕ.’

‘ಒತ್ತಲ್ಲ, ಸೋಮಾರಿತನ. ಟಿವಿ ಮುಂದೆ ಕೂರಕ್ಕೆ ಒತ್ತದಾ?’

ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ತಂಗಿಯ ಗಂಡ ಬಾಗಿಲ ಬಳಿ ನಿಂತವರು, ‘ಮುದ್ದೆ ನುಂಗೋರ್ಗೆ ಹಲ್ಯಾಕೆ ಬುಡಿ ಅತ್ಗೆಮ್ಮ’ ಅಂತ ಹಾಸ್ಯ ಮಾಡಿದರು. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು, ಈ ಸಲ ತುಟಿ ಮುಚ್ಚಿಕೊಂಡು. ತಂಗಿಗೆ ಆ ಹೊತ್ತು ಇಲ್ಲದಂತೆ ಮಾಡಿದ ನಾನು, ಹೊತ್ತಿಲ್ಲ ಅಂದದ್ದಕ್ಕೆ ಅವಳನ್ನು ಹತ್ತು ಜನರ ಮುಂದೆ ಸೋಮಾರಿ ಮಾಡಿದೆ. ಡಾಕ್ಟರಮ್ಮ ನನ್ನನ್ನು ಒಂದು ಸಲವೂ ಹಾಗೆ ಅನ್ನಲಿಲ್ಲ. ಹಾಗೆ ಅನ್ನದೆ ಇದ್ದದ್ದರಿಂದಲೇ ನಾನು ಮತ್ತೆ ಮತ್ತೆ ಅಲ್ಲಿಗೆ ಹೋದದ್ದು. ಬೆಳಗಾದರೆ ಹೋಗಿ ತೋರಿಸೋಣ ಬಾ ಅಂತ ಕರೆದೆ, ನಿಜ. ‘ಇನ್ನೊಂದ್ ಕಿತ ನೋಡನ ಬುಡಕ್ಕ’ ಅಂದಳು. ಬೈದವರ ಜೊತೆ ಯಾರು ಬರುತ್ತಾರೆ?

ಶಿವರಾತ್ರಿ ಮುಗಿದ ವಾರ ಅವಳ ಫೋನ್. ಕೆಳಗಿನ ನಾಲ್ಕೂ ಹಲ್ಲು ಜೋಲಾಡುತ್ತಿವೆ, ಒಂದನ್ನು ನಾಲಗೆಯಲ್ಲಿ ತಳ್ಳಿದರೆ ಮಲಗುತ್ತದೆ, ಗುಂಡ್ಲುಪೇಟೆಯಲ್ಲಿ ತೋರಿಸಿದೆವು, ಉಳಿಸುವ ಕಾಲ ದಾಟಿದೆ ಅಂದರು, ನಾಳೆ ಕೀಳಿಸುತ್ತೇನೆ ಅಂದಳು. ‘ನೋವಾದ್ರೆ ಲವಂಗ ಇಟ್ಕೊ’ ಅಂದೆ. ಬೇರೇನೂ ಹೇಳಲಿಲ್ಲ. ಫೋನ್ ಇಟ್ಟ ಮೇಲೆ ಡಾಕ್ಟರಮ್ಮನ ಹತ್ತಿರ ಓಡಿ ಎಲ್ಲವನ್ನೂ ಹೇಳಿಕೊಂಡೆ. ಯಾರೋ ಅಂದರು ಎಂದ ಸುಳ್ಳನ್ನೂ, ಪೂಜೆ ಆದ ಮೇಲೆ ಎಂದ ಮಾತನ್ನೂ. ನೀವು ಗೊತ್ತಿದ್ದು ಮಾಡಿದ್ದಲ್ಲವಲ್ಲ ಎಂದು ಆಕೆ ಸಮಾಧಾನ ಹೇಳಿಯಾರು ಅಂತ ಆಸೆಯಿತ್ತು. ಹೇಳಲಿಲ್ಲ. ‘ಉಳಿದ ಹಲ್ಲುಗಳಿವೆ ಅಮ್ಮಾ. ಅವರು ಇನ್ನೂ ಅದೇ ನಿಯಮ ಪಾಲಿಸ್ತಿದ್ದಾರೆ, ಅಲ್ಲವಾ?’ ಅಂದರು.

ಹಲ್ಲು ಕಿತ್ತ ಎಂಟನೆಯ ದಿನ ಬೇಗೂರಿಗೆ ಹೋದೆ. ಹುಣಸೆಹಣ್ಣಿನ ಕಾಲ. ತಂಗಿ ಹಿತ್ತಲಲ್ಲಿ ಕಲ್ಲಿಟ್ಟುಕೊಂಡು ಹುಣಸೆ ಜಜ್ಜಿ ಬೀಜ ಬಿಡಿಸುತ್ತಿದ್ದಳು. ಮುಖ ಇಳಿದು ಹತ್ತು ವರ್ಷ ಹೆಚ್ಚಾದವಳಂತೆ ಕಂಡಳು. ‘ಸ’ ಅನ್ನುವಾಗ ಗಾಳಿ ಹೊರಗೆ ಹೋಗುತ್ತಿತ್ತು. ನಾನೂ ಒಂದು ಕಲ್ಲು ತೆಗೆದುಕೊಂಡು ಕೂತೆ. ನಾಲ್ಕು ಹಣ್ಣು ಜಜ್ಜಿದ ಮೇಲೆ ಹೇಳಿದೆ.

‘ಅಮ್ಮಿ, ರಕ್ತ ಬಂದ ಬಾಯಲ್ಲಿ ಲಿಂಗ ಮುಟ್ಟಂಗಿಲ್ಲ ಅಂದಿದ್ನಲ್ಲ, ಅಂಗೆ ಎಲ್ಲೂ ಇಲ್ಲ ಕಣೆ. ನಾನೇ ಅಂದ್ಕಂಡಿದ್ದು.’

ಅವಳು ಜಜ್ಜುವುದನ್ನು ನಿಲ್ಲಿಸಲಿಲ್ಲ.

‘ಇಲ್ಲ ಅಂತ ಯಾರಂದ್ರು?’

‘ಮಠದ ಅಯ್ಯನೋರು.’

‘ಯಾವಾಗ?’

ಹೋದ ವಾರ ಅನ್ನಬಹುದಿತ್ತು. ಆ ಮಾತೂ ನಾಲಗೆಯ ಮೇಲೆ ಬಂದು ಕೂತಿತ್ತು. ಅದನ್ನು ಹೇಳದಂತೆ ತಡೆದದ್ದು ನಾನಲ್ಲ, ಮೇಲಿನವನೇ ಇರಬೇಕು.

‘ಓದೊರ್ಸ. ಉಗಾದಿ ಕಳುದ್ಮೇಲೆ.’

ಈಗ ಕಲ್ಲು ನಿಂತಿತು. ಅವಳು ನನ್ನನ್ನು ನೋಡದೆ ಹುಣಸೆಯ ನಾರನ್ನು ಬೆರಳಿಂದ ಎಳೆಯುತ್ತಾ ಲೆಕ್ಕ ಹಾಕಿದಳು.

‘ಕಾರ್ತಿಕದಲ್ಲಿ ಬಂದಿದ್ಯಲ್ಲ. ಎಲ್ರ ಮುಂದೆ ಸೋಮಾರಿ ಅಂದ್ಯಲ್ಲ. ಆವಾಗ ಗೊತ್ತಿತ್ತಾ ನಿನ್ಗೆ?’

‘ಗೊತ್ತಿತ್ತು.’

‘ಕೀಳುಸ್ತೀನಿ ಅಂತ ಫೋನ್ ಮಾಡ್ದಾಗ?’

‘ಗೊತ್ತಿತ್ತು.’

‘ತಪ್ ಏಳೋದು ದೊಡ್ ವಿಸ್ಯ ಅಲ್ಲ ಕಣಕ್ಕ. ನಾನೂ ಮಕ್ಳಿಗೆ ಎಷ್ಟೋ ತಪ್ ಏಳಿವ್ನಿ. ತಿಳುದ್ಮೇಲೆ ಒಂದ್ ಮಾತ್ ಏಳಿದ್ರೆ ಯಾನ ಓಗ್ತಿತ್ತು ನಿನ್ಗೆ?’

ಏನು ಹೋಗುತ್ತಿತ್ತು ಅಂತ ನನಗೆ ಗೊತ್ತಿತ್ತು. ಅವಳು ಎದ್ದು ಕೈ ತೊಳೆದುಕೊಂಡಳು. ‘ಉಳ್ದಿರೋ ಹಲ್ಗೆ ಯಾನ ಮಾಡ್ಬೇಕು, ಅದೇಳು’ ಅಂದಳು. ನಾನು ಡಾಕ್ಟರಮ್ಮನ ಹೆಸರು, ಬೀದಿ, ಯಾವ ದಿನ ರಜ, ಎಲ್ಲ ಹೇಳಿದೆ. ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಅವಳು ಹುಣಸೆಯ ಮೊರ ಎತ್ತಿಕೊಂಡು ಒಳಗೆ ಹೋದಳು. ಸಂಜೆ ಹೊರಟಾಗ ಇರು ಅನ್ನಲಿಲ್ಲ. ಹುಣಸೆಹಣ್ಣು ಮಾತ್ರ ಒಂದು ಚೀಲ ತುಂಬಿ ಕೊಟ್ಟಳು.

ಅವಳು ತೋರಿಸಲು ಹೋದಳು. ಡಾಕ್ಟರಮ್ಮನಿಂದಲೇ ನನಗೆ ತಿಳಿದದ್ದು. ಬೇಗೂರಿಂದ ಎರಡು ಬಸ್ ಹತ್ತಿ ಒಬ್ಬಳೇ ಬಂದು, ತೋರಿಸಿಕೊಂಡು, ಒಬ್ಬಳೇ ಹಿಂತಿರುಗಿದ್ದಾಳೆ. ಒಂದು ಸಲ ಅಲ್ಲ, ಮೂರು ಸಲ. ನನ್ನ ಮನೆ ಅಲ್ಲಿಂದ ಎರಡು ಬೀದಿ. ಮೊದಲೆಲ್ಲ ಚಾಮರಾಜನಗರಕ್ಕೆ ಬಂದರೆ ಚಪ್ಪಲಿ ಬಿಡುವ ಮೊದಲೇ ‘ಅಕ್ಕ, ಕಾಫಿ’ ಅಂತ ಕೂಗುತ್ತಿದ್ದವಳು. ಈಗ ಬೆಳಿಗ್ಗೆ ಬ್ರಷ್ ಮಾಡಿ, ರಕ್ತ ಬಂದರೆ ಮುಕ್ಕಳಿಸಿ, ಪೂಜೆಗೆ ಕೂರುತ್ತಾಳಂತೆ. ಹಸು ಕರೆಯುವ ಮೊದಲಿನ ಕೆಲಸ ಅದು ಅಂತ ಅವಳೂ ಚೀಟಿ ಬರೆದಿದ್ದಾಳಂತೆ. ಉಳಿದ ಹಲ್ಲು ನಿಲ್ಲುತ್ತವೆ ಅಂತ ಡಾಕ್ಟರಮ್ಮ ಹೇಳಿದಾಗ ನಾನು ಅಲ್ಲೇ ಕಣ್ಣು ಒರೆಸಿಕೊಂಡೆ. ಆಕೆ ಎದ್ದು ಹೋಗಿ ನೀರಿನ ನಲ್ಲಿ ಬಿಟ್ಟರು, ಸುಮ್ಮನೆ.

ಇದನ್ನು ಬರೆಯುವುದಕ್ಕೆ ನಾಲ್ಕು ದಿನ ಮೊದಲು ನನ್ನ ತಪಾಸಣೆ ಇತ್ತು. ದವಾಖಾನೆಯ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ತೆಗೆದು ತಂಗಿ ಒಳಗೆ ಬಂದಳು. ನನ್ನನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಅದೇ ಬೆಂಚಿನ ಆ ತುದಿಗೆ ಕೂತಳು. ನಡುವೆ ಒಬ್ಬರು ಕೂರುವಷ್ಟು ಜಾಗ ಇತ್ತು.

‘ನಿಂದು ಎಷ್ಟನೇ ನಂಬ್ರು?’ ಅಂದಳು.

‘ಏಳು. ನಿಂದು?’

‘ಒಂಬತ್ತು.’

ಅವಳು ಹಲ್ಲು ಕಟ್ಟಿಸಿಕೊಂಡಿಲ್ಲ ಇನ್ನೂ. ವಸಡು ಗಟ್ಟಿಯಾಗಲಿ ಅಂತ ಕಾಯುತ್ತಿದ್ದಾರೆ. ನನ್ನದು ಮುಗಿದ ಮೇಲೆ ಹೊರಗೆ ಬಂದು ಅದೇ ಬೆಂಚಿನಲ್ಲಿ ಕೂತೆ. ಅವಳು ಒಳಗೆ ಹೋಗಿ ಅರ್ಧ ಗಂಟೆಯ ಮೇಲೆ ಬಂದಳು. ‘ನೀನಿನ್ನೂ ಓಗ್ಲಿಲ್ವಾ?’ ಅಂದಳು. ಇಲ್ಲ ಅಂದೆ. ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಳ್ಳುತ್ತಾ, ‘ಬಸ್ಸಿಗೆ ಒತ್ತಾಯ್ತದೆ’ ಅಂತ ಮೆಟ್ಟಿಲಿಳಿದಳು. ಬಸ್ ನಿಲ್ದಾಣ ಬಲಕ್ಕೆ, ನಮ್ಮ ಮನೆ ಎಡಕ್ಕೆ. ಅವಳು ಬಲಕ್ಕೆ ಹೋದಳು. ತಿರುವಿನವರೆಗೆ ನೋಡಿದೆ. ಇನ್ನೂ ಹೋಗಲಿಲ್ಲವಾ ಅಂತ ಕೇಳಿದಳಲ್ಲ, ಇವತ್ತಿಗೆ ಅಷ್ಟು ಸಾಕು ಅಂತ ಅಂದುಕೊಂಡು ಮನೆಗೆ ಬಂದು ಮುದ್ದೆಗೆ ಎಸರಿಟ್ಟೆ.